ದಿನ ಗೊತ್ತುಮಾಡುವ ಕಾಫಿ

ಫೆಹ್ಮಿ ಆಡಿದ್ದು ಹೆಚ್ಚೆಂದರೆ ನಾಲ್ಕು ಮಾತು. ಅದೂ ಶಾಲೆಯ ಮೇಷ್ಟರುಗಳ ಸಭೆಯಲ್ಲಿ, ಕೈಯೆತ್ತಿ ಅನುಮತಿ ಕೇಳಿಕೊಂಡು. ಬೆರಾತ್ ಊರಿನಿಂದ ನದಿಗುಂಟ ಮೇಲಕ್ಕೆ ಹೋದರೆ ಒಂದು ಹಳೆಯ ಕಲ್ಲುಸೇತುವೆ ಸಿಗುತ್ತದೆ. ಯುದ್ಧಕಾಲದಲ್ಲಿ ಅಲ್ಲಿ ಜರ್ಮನ್ನರ ಜೊತೆ ಒಂದು ಕಾಳಗ ನಡೆದಿತ್ತು. ದೇಶವಾಳುವ ನಾಯಕರ ಹುಟ್ಟುಹಬ್ಬಕ್ಕೆ ಅಲ್ಲೊಂದು ಫಲಕ ನಿಲ್ಲಿಸಬೇಕು, ಆ ಕಾಳಗವನ್ನು ಮುಂದೆ ನಿಂತು ನಡೆಸಿದವರು ನಾಯಕರೇ ಎಂದು ಕೆತ್ತಿಸಬೇಕು, ಒಕ್ಕಣೆಯನ್ನು ಚರಿತ್ರೆಯ ಮೇಷ್ಟರಾದ ಫೆಹ್ಮಿ ಬರೆದುಕೊಡಬೇಕು ಎಂದು ಮೇಲಿನಿಂದ ಅಪ್ಪಣೆಯಾಗಿತ್ತು.

ಫೆಹ್ಮಿ ಎದ್ದು ನಿಂತ. "ಆ ದಿನ ನಾನು ಅಲ್ಲಿದ್ದೆ. ಹುಡುಗ ನಾನು, ರೊಟ್ಟಿ ಹೊತ್ಕೊಂಡು ಹೋಗಿದ್ದೆ. ನಾಯಕರು ಅಲ್ಲಿರ್ಲಿಲ್ಲ. ಸತ್ತವರ ಹೆಸರು ನನಗೆ ಗೊತ್ತಿದೆ, ಅದನ್ನ ಕೆತ್ತಿಸೋಣ. ಒಬ್ಬರೇ ಮನುಷ್ಯರು ದೇಶದ ಎಲ್ಲಾ ಸೇತುವೆ ಮೇಲೂ ಹೇಗೆ ನಿಂತಿರೋಕಾಗುತ್ತೆ?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬರೀ ಮಾತಷ್ಟೇ ಆಗಿದ್ದರೆ ತಪ್ಪೊಪ್ಪಿಗೆ ಬರೆಸಿಕೊಂಡು ಬಿಡುತ್ತಿದ್ದರೇನೋ. ಜನ ನಕ್ಕ ಮೇಲೆ ಬಿಡುವಂತಿರಲಿಲ್ಲ. ಆ ವಾರವೇ ಅವನನ್ನು ಶಾಲೆಯ ಬಾಗಿಲಿಂದ ಜೀಪಿನಲ್ಲಿ ಕರೆದುಕೊಂಡು ಹೋದರು. ಬೇಸಿಗೆ ಕಳೆಯುವ ಹೊತ್ತಿಗೆ ಹತ್ತು ವರ್ಷದ ಶಿಕ್ಷೆಯಾಗಿ, ಉತ್ತರದ ಬೆಟ್ಟಗಳಲ್ಲಿರುವ ತಾಮ್ರದ ಗಣಿಯ ಜೈಲಿಗೆ ಹೋಗಿಯೂ ಆಯಿತು. ಸೇತುವೆಯ ಮೇಲೆ ಫಲಕ ನಿಂತಿತು. ಒಕ್ಕಣೆಯನ್ನು ಗಣಿತದ ಮೇಷ್ಟರು ಬರೆದುಕೊಟ್ಟರಂತೆ.

ಅವನ ಹೆಂಡತಿ ಮೆಲೆಕ್‌ಗೆ ಮೊದಲ ದಿನಗಳಲ್ಲಿ ಕಂಡ ಬದಲಾವಣೆಯೆಂದರೆ ಕಾಫಿಪುಡಿ ಖರ್ಚಾಗುತ್ತಲೇ ಇರಲಿಲ್ಲ. ಬೆಟ್ಟದ ಇಳಿಜಾರಿನ ಆ ಮನೆಗೆ ದಿನಕ್ಕೆ ಇಬ್ಬರಾದರೂ ಬಂದು ಹೋಗುವವರಿದ್ದರು. ಈಗ ಬಾಗಿಲಿನ ಚಿಲಕವನ್ನು ಮುಟ್ಟುವವರಿಲ್ಲ. ಎದುರುಮನೆಯವರು ಕಸ ಚೆಲ್ಲಲು ಕೂಡ ಇವರ ಬಾಗಿಲು ಮುಚ್ಚಿರುವ ಹೊತ್ತು ನೋಡಿಕೊಂಡು ಹೊರಗೆ ಬರುತ್ತಿದ್ದರು.

"ಸತ್ತಿದ್ರೆ ಬರ್ತಿದ್ರು" ಎಂದಳು ಅತ್ತೆ ಸಾನಿಯೆ, ಕಿಟಕಿಯ ಬಳಿ ಕೂತು ಬೀನ್ಸ್ ಕಾಳು ಆರಿಸುತ್ತ. "ನಿಮ್ಮ ಮಾವ ಹೋದಾಗ ಮೂರು ದಿನ ಈ ಮೆಟ್ಟಿಲಲ್ಲಿ ಚಪ್ಪಲಿ ಬಿಡೋಕೆ ಜಾಗ ಇರ್ಲಿಲ್ಲ. ಸಕ್ಕರೆ ಇಲ್ಲದ ಕಾಫಿ ಮಾಡಿ ಮಾಡಿ ನನ್ನ ಕೈ ಸೋತುಹೋಗಿತ್ತು. ಒಬ್ಬೊಬ್ಬರೂ ಕುಡಿದು, ಉಳಿದವರ ಆಯಸ್ಸು ಗಟ್ಟಿಯಾಗಿರಲಿ ಅಂತ ಹೇಳಿ ಹೋದ್ರು. ಇವನು ಬದುಕಿದಾನಲ್ಲ, ಅದಕ್ಕೇ ಯಾರೂ ಇಲ್ಲ."

ಮೈದುನ ಜೆವಾತ್ ಹೆಂಡತಿ ಮಕ್ಕಳೊಂದಿಗೆ ಅದೇ ಮನೆಯ ಕೆಳಗಿನ ಭಾಗದಲ್ಲಿದ್ದ. ಸರ್ಕಾರಿ ಲಾರಿಯ ಡ್ರೈವರು. ಅಣ್ಣ ಹೋದ ಮರುದಿನವೇ ಅವನು ಪಟ್ಟಣದಿಂದ ನಾಯಕರ ದೊಡ್ಡ ಚಿತ್ರವೊಂದನ್ನು ತಂದು, ಮೇಲಿನ ಹಜಾರದಲ್ಲಿ, ಮೊದಲೇ ಇದ್ದ ಚಿಕ್ಕ ಚಿತ್ರದ ಪಕ್ಕದಲ್ಲಿ ಮೊಳೆ ಹೊಡೆದು ತೂಗುಹಾಕಿದ. ಅವನ ಮಕ್ಕಳು ಶಾಲೆಯಲ್ಲಿ ಕಲಿಸಿದಂತೆ ಆ ಚಿತ್ರಕ್ಕೆ "ದೊಡ್ಡಪ್ಪ" ಎನ್ನುತ್ತಿದ್ದರು. ದೇಶದ ಮಕ್ಕಳೆಲ್ಲ ಹಾಗೆಯೇ ಅನ್ನುವುದು. ಸಾನಿಯೆ ಮೊಳೆ ಹೊಡೆಯುವುದನ್ನು ನೋಡುತ್ತ ನಿಂತಿದ್ದು, "ನಾನು ಹೆತ್ತಿದ್ದು ಎರಡೇ ಗಂಡು. ಇವನು ಯಾವಾಗ ಹುಟ್ಟಿದ್ನೋ ಜ್ಞಾಪಕಾನೇ ಇಲ್ಲ" ಎಂದಳು. ಜೆವಾತ್ ಸುತ್ತಿಗೆ ಕೆಳಗಿಟ್ಟು ಕಿಟಕಿ ಮುಚ್ಚಿ ಬಂದ.

ಜೆವಾತ್ ಕೆಟ್ಟವನೆಂದು ಯಾರೂ ಹೇಳುವಂತಿಲ್ಲ. ಹೆದರಿದವನು, ಅಷ್ಟೇ. ಹೆದರಲು ಕಾರಣವೂ ಇತ್ತು. ಇಂಥ ಮನೆಗಳಿಗೆ ಒಂದು ಬೆಳಿಗ್ಗೆ ಲಾರಿ ಬರುತ್ತದೆ. ಹಾಸಿಗೆ, ಪಾತ್ರೆ, ಮುದುಕಿ, ಕೂಸು ಎಲ್ಲವನ್ನೂ ತುಂಬಿಕೊಂಡು ಹೋಗಿ ಎಲ್ಲೋ ಜೌಗು ಸೀಮೆಯ ಹಳ್ಳಿಯಲ್ಲಿ ಇಳಿಸುತ್ತದೆ. ಅಲ್ಲಿಂದ ವಾಪಸು ಬಂದವರಿಲ್ಲ. ಅಂಥ ಲಾರಿಯನ್ನು ಜೆವಾತ್ ತಾನೇ ಎರಡು ಸಲ ಓಡಿಸಿದ್ದ. ಇಳಿಸಿದ ಜಾಗವನ್ನು ಕಣ್ಣಾರೆ ನೋಡಿದ್ದ.

ಅದಕ್ಕೆ ಅವನು ದಿನಾ ಸಂಜೆ ಮೇಲೆ ಬಂದು ಅತ್ತಿಗೆಯ ಎದುರು ಕೂರುತ್ತಿದ್ದ. ವಿಚ್ಛೇದನಕ್ಕೆ ಅರ್ಜಿ ಹಾಕಿ ಎನ್ನುವುದೇ ಅವನ ರಾಗ. ನ್ಯಾಯಾಲಯ ಇಂಥ ಅರ್ಜಿಗಳನ್ನು ಒಂದೇ ಬೆಳಿಗ್ಗೆ ಮುಗಿಸುತ್ತದೆ, ಮನೆ ಅಮ್ಮನ ಹೆಸರಿನಲ್ಲಿದೆ, ಎಲ್ಲಿಗೂ ಹೋಗಬೇಕಿಲ್ಲ, ಗಂಡನನ್ನು ಖಂಡಿಸುತ್ತೇನೆ ಎಂದು ಒಂದು ಮಾತು ಹೇಳಿದರೆ ಸಾಕು ಎಂದು ಬಗೆಬಗೆಯಾಗಿ ಬಿಡಿಸಿ ಹೇಳುತ್ತಿದ್ದ. ಮೆಲೆಕ್ ಈರುಳ್ಳಿ ಸೊಪ್ಪು ಹೆಚ್ಚುತ್ತ, ಹಿಟ್ಟು ಲಟ್ಟಿಸುತ್ತ ಕೇಳಿಸಿಕೊಳ್ಳುತ್ತಿದ್ದಳು.

ಕೊನೆಗೆ ಅವನು ಜಾನಾಳ ಹೆಸರು ಎತ್ತಿದ.

ಜಾನಾ ಮೆಲೆಕ್‌ಳ ಒಬ್ಬಳೇ ಮಗಳು. ನೂಲಿನ ಗಿರಣಿಯಲ್ಲಿ ಕೆಲಸ. ಅದೇ ವಸಂತದಲ್ಲಿ ಗಿರಣಿಯ ಮೆಕ್ಯಾನಿಕ್ ಆಗ್ರೋನ್ ಎಂಬ ಹುಡುಗನ ಜೊತೆ ಅವಳಿಗೆ ನಿಶ್ಚಯವಾಗಿತ್ತು. ಮನೆಯವರು ನೋಡಿ ಮಾಡಿದ್ದೇ ಆದರೂ ಹುಡುಗ ಅವಳಿಗೆ ಹಿಡಿಸಿದ್ದ. ಪಾಳಿ ಮುಗಿಸಿ ಇಬ್ಬರೂ ಊರೊಳಗಿನ ಸೇತುವೆಯವರೆಗೆ ಒಟ್ಟಿಗೆ ನಡೆದು ಬರುತ್ತಿದ್ದರು. ಫೆಹ್ಮಿಯನ್ನು ಒಯ್ದ ಮೇಲೆ ಆಗ್ರೋನನ ತಂದೆ ತಾಯಿ ಉಂಗುರ ವಾಪಸು ಕೇಳಲಿಲ್ಲ, ಮದುವೆಯ ಮಾತನ್ನೂ ಎತ್ತಲಿಲ್ಲ. ಹುಡುಗಿ ನಡುವೆ ತೂಗಾಡುತ್ತಿದ್ದಳು. ನಿಶ್ಚಯ ಮುರಿದ ಹುಡುಗಿಯನ್ನು, ಅದರಲ್ಲೂ ಜನಶತ್ರುವಿನ ಮಗಳನ್ನು, ಇನ್ನು ಯಾರು ಕೇಳಿಕೊಂಡು ಬಂದಾರು?

"ಅವರು ಹೇಳಿ ಕಳಿಸಿದಾರೆ ಅತ್ತಿಗೆ" ಎಂದ ಜೆವಾತ್. "ನೀವು ಬೇರೆಯಾಗಿದ್ದು ಖಚಿತವಾದ್ರೆ ದಿನ ಗೊತ್ತುಮಾಡೋಕೆ ಬರ್ತಾರಂತೆ. ಅಣ್ಣ ಸತ್ಯ ಹೇಳಿದ ಸರಿ. ಆ ಸತ್ಯದ ಬಿಲ್ಲು ನಿಮ್ಮ ಮಗಳು ಕಟ್ಬೇಕಾ?"

ಒಲೆಯ ಹತ್ತಿರ ನಿಂತಿದ್ದ ಜಾನಾ ತಿರುಗಿ ನೋಡಿದಳು. "ನನ್ನ ಹೆಸರು ಹೇಳ್ಬೇಡಿ ಚಿಕ್ಕಪ್ಪ. ನಿಮಗೆ ಭಯ ಇದ್ರೆ ನಿಮ್ಮ ಭಯ ಅಂತ ಹೇಳಿ."

"ಹೌದಮ್ಮ, ನನಗೆ ಭಯ. ಆ ಹಳ್ಳೀಲಿ ಬಾವಿ ನೀರು ಯಾವ ಬಣ್ಣ ಇರುತ್ತೆ ಅಂತ ನೀನು ನೋಡಿಲ್ಲ."

ಮೆಲೆಕ್ ಮಗಳಿಗೆ ಬೇಡ ಅನ್ನು ಎಂದು ಹೇಳಲಿಲ್ಲ, ಬೇಕು ಅನ್ನು ಎಂದೂ ಹೇಳಲಿಲ್ಲ. ಒಂದು ಮಾತು ಅವಳ ಬಾಯಿಂದ ಬರಲಿ ಎಂದು ವಾರಗಟ್ಟಲೆ ಕಾದಳು. ಜಾನಾ ಊಟಕ್ಕೆ ಕೂರುವಳು, ಮೆಕ್ಕೆಜೋಳದ ರೊಟ್ಟಿ ಮುರಿದು ಸಾರಿಗೆ ಹಾಕಿಕೊಳ್ಳುವಳು, ಎದ್ದು ಹೋಗುವಳು. ಆದರೆ ಪಾಳಿ ಮುಗಿಸಿ ಬರುವಾಗ ಈಗ ಒಬ್ಬಳೇ ಬರುತ್ತಿದ್ದಳು. ಅದನ್ನು ಮೆಲೆಕ್ ಕಿಟಕಿಯಿಂದ ನೋಡುತ್ತಿದ್ದಳು. ಅಕ್ಟೋಬರಿನಲ್ಲಿ ಅವಳು ಅರ್ಜಿ ಹಾಕಿದಳು.

ನ್ಯಾಯಾಲಯದಲ್ಲಿ ಜೆವಾತ್ ಹೇಳಿದಷ್ಟು ಹೊತ್ತೂ ಆಗಲಿಲ್ಲ. ಖಂಡಿಸುತ್ತೀರಾ ಎಂದು ಕೇಳಿದರು. ಖಂಡಿಸುತ್ತೇನೆ ಎಂದಳು. ಗಟ್ಟಿಯಾಗಿ ಹೇಳಿ ಎಂದರು. ಗಟ್ಟಿಯಾಗಿ ಹೇಳಿದಳು. ಹೊರಗೆ ಬಂದು ಮಾರ್ಕೆಟ್ಟಿನ ಸಾಲಿನಲ್ಲಿ ನಿಂತು ಮೊಸರು ತೆಗೆದುಕೊಂಡು ಮನೆಗೆ ಬಂದಳು. ಸತ್ತು ಹೋಗಬೇಕೆನ್ನಿಸಿತ್ತು ಅವಳಿಗೆ. ಆದರೆ ಮೊಸರಿನ ಪಾತ್ರೆ ಕೈಯಲ್ಲಿತ್ತು.

ಸಾನಿಯೆ ಸೊಸೆಯ ಮುಖ ನೋಡಿದಳು. "ಆಯ್ತಾ? ಹಾಗಾದ್ರೆ ಇವತ್ತಿಂದ ನೀನು ನನ್ನ ಬಾಡಿಗೆಯವಳು. ಒಂದನೇ ತಾರೀಕು ಬಾಡಿಗೆ ತಪ್ಪಬಾರದು" ಎಂದು, ಪಾತ್ರೆಯನ್ನು ಅವಳ ಕೈಯಿಂದ ತೆಗೆದುಕೊಂಡಳು. ಮೆಲೆಕ್ ಅಳುತ್ತ ನಕ್ಕಳು.

ಜಾನಾ ನಗಲಿಲ್ಲ. ಅಂದು ಸಂಜೆಯಿಂದ ಅವಳು ತಾಯಿಯೊಡನೆ ಮಾತು ಬಿಟ್ಟಳು. ಉಪ್ಪು ಬೇಕಾದರೆ ಅಜ್ಜಿಯನ್ನು ಕೇಳುತ್ತಿದ್ದಳು; ಉಪ್ಪಿನ ಡಬ್ಬಿ ಮೆಲೆಕ್‌ಳ ಮುಂದೆಯೇ ಇದ್ದರೂ. ಸಾನಿಯೆ, "ನನಗೇನು ತಂತಿ ಆಫೀಸಿನ ಕೆಲಸ ಕೊಟ್ಟಿದ್ದೀಯೇನೆ? ನಿಮ್ಮಮ್ಮ ಅಲ್ಲೇ ಇದಾಳೆ" ಎಂದು ಗದರಿಕೊಂಡರೂ ಪ್ರಯೋಜನವಾಗಲಿಲ್ಲ.

ವಿಚ್ಛೇದನವಾದ ಮೇಲೆ ಮೆಲೆಕ್‌ಗೆ ಜೈಲಿಗೆ ಹೋಗಿ ಗಂಡನನ್ನು ನೋಡುವ ಹಕ್ಕೂ ಹೋಯಿತು. ತಾಯಿಗೆ ಹಕ್ಕಿತ್ತು. ಸಾನಿಯೆ ಬಸ್ಸು, ರೈಲು, ಮತ್ತೆ ಬಸ್ಸು ಹತ್ತಿ ಬೆಟ್ಟಕ್ಕೆ ಹೋಗಿ ಬಂದಳು. ಮೆಲೆಕ್ ಹೆಣೆದ ಉಣ್ಣೆಯ ಕಾಲುಚೀಲ ಒಯ್ದಿದ್ದಳು. ಕಾವಲಿನವನು ಯಾರು ಹೆಣೆದದ್ದು ಎಂದು ಕೇಳಿದ್ದಕ್ಕೆ ನಾನೇ ಎಂದಳಂತೆ. ಫೆಹ್ಮಿ ಅದನ್ನು ತಿರುಗಿಸಿ ಹಿಮ್ಮಡಿಯಲ್ಲಿ ಮೆಲೆಕ್‌ಳ ಹೆಣಿಗೆಯ ಗುರುತು ಕಂಡು, "ಅಮ್ಮನಿಗೆ ಕಣ್ಣು ಚುರುಕಾಗಿದೆ" ಎಂದನಂತೆ. ಇಷ್ಟನ್ನು ಸಾನಿಯೆ ಸೊಸೆಯ ಎದುರು ನಾಲ್ಕು ಸಲ ಹೇಳಿದಳು. ಮೆಲೆಕ್ ನಾಲ್ಕು ಸಲವೂ ಹೊಸದಾಗಿ ಕೇಳಿದಂತೆ ಕೇಳಿದಳು. ಜಾನಾ ಮೂಲೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಅವಳಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

ನವೆಂಬರಿನಲ್ಲಿ ಆಗ್ರೋನನ ಕಡೆಯವರು ದಿನ ಗೊತ್ತುಮಾಡಲು ಬರುತ್ತೇವೆಂದು ಹೇಳಿ ಕಳಿಸಿದರು. ಕೇರಿ ಸಮಿತಿಯ ಮುಖ್ಯಸ್ಥೆ ನಾಜಿಯೆಯನ್ನೂ ಜೊತೆಗೆ ಕರೆತರುತ್ತಾರೆ ಎಂದಾಗ ಜೆವಾತ್‌ನ ಮುಖ ಅರಳಿತು. ಎಲ್ಲವೂ ಅವಳ ಕಣ್ಣೆದುರಿಗೆ ನಡೆದರೆ ಮೇಲಿನವರಿಗೆ ಒಳ್ಳೆಯ ವರದಿಯೇ ಹೋಗುತ್ತದೆ, ಲಾರಿಯ ಭಯ ತಪ್ಪುತ್ತದೆ. ನಾಜಿಯೆ, ಸಾನಿಯೆ ಒಂದೇ ಕೇರಿಗೆ ಸೊಸೆಯರಾಗಿ ಬಂದವರು, ಒಂದೇ ಒಲೆಯಲ್ಲಿ ರೊಟ್ಟಿ ಸುಟ್ಟವರು. ಈಗ ಆರು ತಿಂಗಳಿಂದ ನಾಜಿಯೆ ಈ ಮನೆಯ ಮುಂದೆ ಹಾಯುವಾಗ ಎದುರಿನ ಗೋಡೆ ನೋಡಿಕೊಂಡು ಹೋಗುತ್ತಿದ್ದಳು.

ಮೆಲೆಕ್ ಎರಡು ದಿನ ಮನೆ ತೊಳೆದಳು. ಪಿಂಗಾಣಿ ಬಟ್ಟಲುಗಳನ್ನು ಇಳಿಸಿ ಒರೆಸಿದಳು. ಜೆವಾತ್ ಎಲ್ಲಿಂದಲೋ ಅಚ್ಚ ಬಿಳಿಯ ಸಕ್ಕರೆ ಒಂದು ಪೊಟ್ಟಣ ತಂದುಕೊಟ್ಟ. ಬಂದವರಿಗೆ ಸಾಮಾನ್ಯವಾಗಿ ಸಕ್ಕರೆ ಕಡಿಮೆಯೋ, ಹದವೋ, ಜಾಸ್ತಿಯೋ ಎಂದು ಕೇಳಿ ಕಾಫಿ ಮಾಡುವುದು ರೂಢಿ. ದಿನ ಗೊತ್ತುಮಾಡುವ ಕಾಫಿಗೆ ಕೇಳುವುದಿಲ್ಲ, ಅದು ಸಿಹಿಯೇ. ಅದನ್ನು ಮದುವಣಗಿತ್ತಿಯೇ ಮಾಡಿ, ಅವಳೇ ತಂದುಕೊಡಬೇಕು.

ಭಾನುವಾರ ಮಧ್ಯಾಹ್ನ ಅವರು ಬಂದರು. ನಾಜಿಯೆ ಕಿಟಕಿಯ ಕೆಳಗೆ, ಹಿರಿಯರ ಜಾಗದಲ್ಲಿ ಕೂತಳು. ಪಕ್ಕದಲ್ಲಿ ಆಗ್ರೋನನ ತಂದೆ ತಾಯಿ, ಬಾಗಿಲ ಬಳಿ ಆಗ್ರೋನ್. ಜೆವಾತ್ ಮಾತು ನಡೆಸಿದ. ಸಾನಿಯೆ ಒಲೆಗೂಡಿನ ಪಕ್ಕದಲ್ಲಿ ಕರಿಯ ಕುರಿಚರ್ಮದ ಮೇಲೆ ಕೂತಿದ್ದಳು. ಮೆಲೆಕ್ ಅವಳ ಹಿಂದೆ. ಅಡುಗೆಮನೆಯ ಬಾಗಿಲು ತೆರೆದೇ ಇತ್ತು, ಜಾನಾ ಕಾಫಿಗೆ ನೀರಿಡುವ ಸದ್ದು ಕೇಳುತ್ತಿತ್ತು.

ಚಳಿ, ಸೌದೆ, ಗಿರಣಿಯ ಪಾಳಿ ಎಲ್ಲ ಮಾತಾಗಿ, ಆಗ್ರೋನನ ತಂದೆ ಗಂಟಲು ಸರಿಮಾಡಿಕೊಂಡ. ಹೊಸ ವರ್ಷ ಕಳೆದ ಮೇಲೆ ಮೊದಲ ಭಾನುವಾರ ಇಟ್ಟುಕೊಳ್ಳೋಣ ಎಂದ. ಕೆಲವು ಮಾತು ಮೊದಲೇ ಸ್ಪಷ್ಟವಾಗಿರಲಿ ಎಂದೂ ಸೇರಿಸಿದ. ಮದುವೆಯ ಊಟದಲ್ಲಿ ಮೊದಲು ನಾಯಕರ ಹೆಸರಿನಲ್ಲಿ ಲೋಟ ಎತ್ತಬೇಕು. ಹುಡುಗಿಯ ತಂದೆಯ ಹೆಸರನ್ನು ಯಾರೂ ಎತ್ತಬಾರದು. ಹುಡುಗಿ ತನ್ನ ಪೆಟ್ಟಿಗೆಯಲ್ಲಿ ಅವನ ಫೋಟೋ ತರಬಾರದು.

ಎಲ್ಲರೂ ಮೆಲೆಕ್‌ಳನ್ನು ನೋಡಿದರು. "ಆಗಲಿ" ಎಂದಳು.

ನಾಜಿಯೆ ಕೇಳಲೇಬೇಕಾದದ್ದನ್ನು ಕೇಳಿದಳು, ಯಾರ ಮುಖವನ್ನೂ ನೋಡದೆ. "ಹಾಗಾದ್ರೆ ಆ ಮನುಷ್ಯನಿಗೂ ಈ ಮನೆಗೂ ಸಂಬಂಧ ಮುಗೀತು ಅಂತ ಸಮಿತಿಗೆ ಹೇಳ್ಬಹುದಾ?"

ಜೆವಾತ್ ಎದ್ದು ನಿಂತ. ಗೋಡೆಯ ಎರಡು ಚಿತ್ರಗಳಿಗೂ ಕೇಳಿಸುವಂತೆ ಹೇಳಿದ: "ಹೇಳಿ ಕಾಮ್ರೇಡ್. ನಮ್ಮ ಪಾಲಿಗೆ ಅವನು ಸತ್ತ."

ಸಾನಿಯೆ ತಲೆಯ ವಸ್ತ್ರವನ್ನು ಹಣೆಗೆ ಎಳೆದುಕೊಂಡಳು. ಅಡುಗೆಮನೆಯಲ್ಲಿ ಒಂದು ಕ್ಷಣ ಸದ್ದು ನಿಂತು ಮತ್ತೆ ಶುರುವಾಯಿತು.

ಸ್ವಲ್ಪ ಹೊತ್ತಿಗೆ ಜಾನಾ ತಟ್ಟೆ ಹಿಡಿದು ಬಂದಳು. ಬಿಳಿಯ ರವಿಕೆ ತೊಟ್ಟಿದ್ದಳು, ಕೂದಲು ಕಟ್ಟಿದ್ದಳು. ರೂಢಿಯಂತೆ ಮೊದಲು ನಾಜಿಯೆಯ ಮುಂದೆ ಬಾಗಿದಳು, ಆಮೇಲೆ ಆಗ್ರೋನನ ತಂದೆ, ತಾಯಿ, ಆಗ್ರೋನ್, ಜೆವಾತ್. ಒಳಗೆ ಹೋಗಿ ಇನ್ನೆರಡು ಬಟ್ಟಲು ತಂದು ಅಜ್ಜಿಗೂ ತಾಯಿಗೂ ಕೊಟ್ಟಳು. ಗೋಡೆಗೆ ಬೆನ್ನು ಕೊಟ್ಟು ನಿಂತಳು.

ನಾಜಿಯೆ ಒಂದು ಗುಟುಕು ಕುಡಿದಳು. ಐವತ್ತು ವರ್ಷದಿಂದ ಈ ಊರಿನ ಸಾವಿನ ಮನೆಗಳಿಗೆಲ್ಲ ಹೋಗಿ ಬಂದ ನಾಲಿಗೆ ಅದು. ಆ ಕಹಿ ತಾಗಿದ ಕೂಡಲೇ ಅವಳ ಕೈ ತಾನಾಗಿಯೇ ಬಟ್ಟಲನ್ನು ಸದ್ದಿಲ್ಲದೆ ಕೆಳಗಿಟ್ಟಿತು, ತಲೆ ತಾನಾಗಿಯೇ ತಗ್ಗಿತು, ಬಾಯಿ ತಾನಾಗಿಯೇ ಹೇಳಿತು:

"ಉಳಿದವರ ಆಯಸ್ಸು ಗಟ್ಟಿಯಾಗಿರಲಿ."

ಆಗ್ರೋನನ ತಂದೆಗೂ ಕಹಿ ತಾಗಿತ್ತು. ಹಿರಿಯಳ ಬಾಯಿಂದ ಆ ಮಾತು ಬಂದದ್ದನ್ನು ಕೇಳಿ ಅವನೂ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಅದನ್ನೇ ಹೇಳಿದ. ಅವನ ಹೆಂಡತಿ ಹೇಳಿದಳು. ಆಗ್ರೋನ್ ಕೂಡ, ಶಾಲೆಯಲ್ಲಿ ಪಾಠ ಒಪ್ಪಿಸುವವನಂತೆ, ಹೇಳಿಬಿಟ್ಟ. ಚಿಕ್ಕಂದಿನಿಂದ ಬಂದ ಅಭ್ಯಾಸ. ಆ ಕಾಫಿಗೆ ಬೇರೆ ಉತ್ತರ ಅವರಿಗೆ ಗೊತ್ತಿರಲಿಲ್ಲ.

ಹೇಳಿ ಮುಗಿದ ಮೇಲೆ ಅವರಿಗೆ ತಾವು ಹೇಳಿದ್ದೇನೆಂದು ಅರ್ಥವಾಯಿತು. ಕೈಯಲ್ಲಿದ್ದ ಬಟ್ಟಲುಗಳು ಒಂದೊಂದಾಗಿ ಕೆಳಗಿಳಿದವು. ಸಾನಿಯೆ ಮಾತ್ರ ಸೊರ್ ಎಂದು ಸದ್ದು ಮಾಡಿ ಕಾಫಿ ಕುಡಿಯುತ್ತಿದ್ದಳು. ಈ ಹೊತ್ತಿನಲ್ಲಿ ಅತ್ತೆಗೆ ಗಂಟಲಲ್ಲಿ ಕಾಫಿ ಹೇಗೆ ಇಳಿಯುತ್ತದೆ ಎಂದು ಮೆಲೆಕ್‌ಗೆ ಅನ್ನಿಸಿತು. ತನ್ನ ಬಟ್ಟಲನ್ನು ಮುಟ್ಟುವ ಧೈರ್ಯ ಅವಳಿಗಿರಲಿಲ್ಲ.

"ಸಕ್ಕರೆ" ಎಂದ ಜೆವಾತ್, ಬಿಳಿಚಿಕೊಂಡು. "ಹುಡುಗಿ ಗಾಬರೀಲಿ ಸಕ್ಕರೆ ಮರೆತಿದಾಳೆ. ಜಾನಾ, ಸಕ್ಕರೆ ತಗೊಂಡು ಬಾ."

"ಮರೆತಿಲ್ಲ ಚಿಕ್ಕಪ್ಪ" ಎಂದಳು ಜಾನಾ. "ಅಪ್ಪ ಸತ್ತ ಅಂತ ನೀವೇ ಈಗ ಹೇಳಿದ್ರಿ. ಇವರೆಲ್ಲ ಕೇಳಿ ಸುಮ್ಮನಿದ್ರು. ಸತ್ತವರ ಮನೇಲಿ ಸಕ್ಕರೆ ಹಾಕ್ತಾರಾ?"

ಆಗ್ರೋನನ ತಂದೆ ಎದ್ದ. ಈ ಮನೆಗೆ ಬಂದದ್ದೇ ತಪ್ಪಾಯಿತು, ಇದನ್ನು ಸುಮ್ಮನೆ ಬಿಡುವುದಿಲ್ಲ, ಎಲ್ಲಿ ಹೇಳಬೇಕೋ ಅಲ್ಲಿ ಹೇಳುತ್ತೇನೆ ಎಂದು ಕೂಗಾಡತೊಡಗಿದ.

"ಏನಂತ ಹೇಳ್ತೀಯಪ್ಪ?" ಎಂದಳು ನಾಜಿಯೆ. ಅವಳು ಇನ್ನೂ ಕೂತೇ ಇದ್ದಳು, ಕೈಗಳು ಮಡಿಲಲ್ಲಿದ್ದವು. "ಜನಶತ್ರುವಿಗೆ ಟೋಪಿ ತೆಗೆದು ಶೋಕ ಹೇಳಿ ಬಂದೆ ಅಂತಲಾ? ಮೊದಲು ಹೇಳಿದೋಳು ನಾನು. ಆಮೇಲೆ ನೀನು. ಆಮೇಲೆ ನಿನ್ನ ಹೆಂಡತಿ, ನಿನ್ನ ಮಗ."

ಅವನ ಟೋಪಿ ಇನ್ನೂ ಕೈಯಲ್ಲಿತ್ತು. ಅದನ್ನು ಅವಸರದಿಂದ ತಲೆಗೆ ಹಾಕಿಕೊಂಡ.

"ನಾನು ಇವತ್ತು ಈ ಮನೇಲಿ ಕಾಫಿ ಕುಡೀಲಿಲ್ಲ. ಎದೆಯುರಿ ಅಂತ ಬೇಡ ಅಂದೆ" ಎಂದು ನಾಜಿಯೆ ಮೊಣಕಾಲು ಹಿಡಿದುಕೊಂಡು ಎದ್ದಳು. "ಮದುವೆ ಮಾತು ಹೊಂದಾಣಿಕೆ ಆಗಲಿಲ್ಲ. ಎಲ್ಲಾ ಮನೇಲೂ ಆಗೋದೇ. ಸಮಿತಿಗೆ ನಾನು ಇಷ್ಟನ್ನೇ ಹೇಳೋದು. ನೀವು ಬೇರೆ ಏನಾದ್ರೂ ಹೇಳೋದಿದ್ರೆ ಯೋಚನೆ ಮಾಡಿ ಹೇಳಿ."

ಬಾಗಿಲ ಕಡೆ ಹೋಗುತ್ತ ಅವಳು ಸಾನಿಯೆಯ ಭುಜವನ್ನು ಒಮ್ಮೆ ಮುಟ್ಟಿದಳು. ಮುಟ್ಟಿದ್ದು ಊರುಗೋಲಿಲ್ಲದ ಮುದುಕಿ ಆಸರೆಗೆ ಹಿಡಿದಂತೆಯೂ ಇತ್ತು.

ಆಗ್ರೋನ್ ಕೊನೆಗೆ ಹೊರಟ. ಬಾಗಿಲಲ್ಲಿ ನಿಂತು ಏನೋ ಹೇಳಲು ನೋಡಿದ. ಜಾನಾ ಬೆರಳಿನ ಉಂಗುರ ತೆಗೆದು ಅವನ ಅಂಗೈಯಲ್ಲಿಟ್ಟಳು. ಅವನು ಬೇಡವೆನ್ನಲಿಲ್ಲ. ಮೆಲೆಕ್ ಅದೊಂದನ್ನು ಕಾಯುತ್ತಿದ್ದಳು: ಹುಡುಗ ಬೇಡವೆನ್ನುತ್ತಾನೇನೋ ಎಂದು. ಅವನು ಮೆಟ್ಟಿಲಿಳಿದು ಹೋದ.

ಜೆವಾತ್ ತಲೆ ಮೇಲೆ ಕೈ ಹೊತ್ತು ಕೂತ. ಎಲ್ಲರನ್ನೂ ಜೌಗಿಗೆ ಕಳಿಸುತ್ತೀಯಲ್ಲೇ ಎಂದ. ನನ್ನ ಮಕ್ಕಳು ಏನು ಪಾಪ ಮಾಡಿದ್ದವು ಎಂದ. ಅವನ ಕಣ್ಣಲ್ಲಿ ನೀರಿತ್ತು. ಸಾನಿಯೆ ಮಗನ ಬೆನ್ನು ಸವರಿ, "ಹೋಗೋ, ಕೆಳಗೆ ಹೋಗಿ ಏನಾದ್ರೂ ತಿನ್ನು. ನಾಜಿಯೆ ಬಾಯಿ ಬಿಡಲ್ಲ. ಅವಳು ಬಿಡದೆ ಇದ್ರೆ ಆ ಟೋಪಿಯವನೂ ಬಿಡಲ್ಲ" ಎಂದಳು. ಅವನು ತನ್ನ ಬಟ್ಟಲನ್ನೊಮ್ಮೆ ನೋಡಿದ. "ನನಗೂ ಕಹಿದೇ ಕೊಟ್ಟಿದ್ದಾಳೆ ಅಮ್ಮ" ಎಂದು ಚಿಕ್ಕ ಮಗುವಿನಂತೆ ದೂರು ಹೇಳಿ ಇಳಿದು ಹೋದ.

ಜಾನಾ ಬಟ್ಟಲುಗಳನ್ನು ತಟ್ಟೆಗೆ ಜೋಡಿಸುತ್ತ ಬಂದಳು. ತಾಯಿಯ ಮುಂದೆ ಬಂದು ನಿಂತಳು, ಬಟ್ಟಲು ತುಂಬಿದ್ದನ್ನು ನೋಡಿದಳು. ಈ ಮಗಳಿಗಾಗಿ ತಾನು ಗಟ್ಟಿಯಾಗಿ ಹೇಳಿದ ಮಾತು, ಈ ಮಗಳಿಗೇ ಬೇಡವಾದ ಮಾತು, ಮೆಲೆಕ್‌ಳ ಎದೆಯಲ್ಲಿ ಕಲ್ಲಿನಂತೆ ಕೂತಿತ್ತು. ಶಿಕ್ಷೆಯೆಂದರೆ ಶಿಕ್ಷೆ, ಎಲ್ಲರೂ ಕುಡಿದದ್ದನ್ನು ತಾನೂ ಕುಡಿದು ಮುಗಿಸೋಣ ಎಂದು ಬಟ್ಟಲೆತ್ತಿ ಕಣ್ಣು ಮುಚ್ಚಿ ಬಾಯಿಗಿಟ್ಟಳು.

ಕಾಫಿ ತಣ್ಣಗಾಗಿತ್ತು. ಆದರೆ ಸಿಹಿಯಾಗಿತ್ತು. ಅವಳಿಗೆ ಹಿಡಿಸುವ ಹದದಲ್ಲೇ ಇತ್ತು.

ಅವಳು ತಲೆಯೆತ್ತಿದಳು. ಜಾನಾ ತಟ್ಟೆಯನ್ನು ನೋಡುತ್ತಿದ್ದಳು.

"ನಿಂದಕ್ಕೂ ಅಜ್ಜಿದಕ್ಕೂ ಬೇರೆ ಮಾಡಿದೆ ಅಮ್ಮ" ಎಂದಳು. ಇಷ್ಟು ವಾರಗಳಲ್ಲಿ ಅವಳು ಅಮ್ಮ ಎಂದದ್ದು ಅದೇ ಮೊದಲು. "ಅಪ್ಪ ಸತ್ತಿರೋದು ಅವರಿಗೆ ತಾನೇ."

ಸಾನಿಯೆ ತನ್ನ ಖಾಲಿ ಬಟ್ಟಲನ್ನು ಬೋರಲು ಹಾಕಿ, "ಸಕ್ಕರೆ ಸ್ವಲ್ಪ ಮುಂದಾಗಿತ್ತು ಕಣೇ. ಅವನಿಗೆ ಒಯ್ಯೋಕೂ ಉಳಿಸು" ಎಂದಳು.

ಮೆಲೆಕ್ ತಳದ ಗಸಿಯವರೆಗೆ ಕುಡಿದಳು. ಬಟ್ಟಲನ್ನು ಮಗಳ ಕಡೆ ಚಾಚಿದಳು. "ಪಾತ್ರೇಲಿ ಉಳಿದಿದ್ರೆ" ಎಂದಳು, "ಇನ್ನೊಂದು ಚೂರು ಬಿಸಿ ಮಾಡಿ ಕೊಡು."